ಅಳಿಲಿನ ಕಣಜ, ನರಿಯ ಗುಂಡಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಸಹಕಾರ ಸಂಘದ ಗುಮಾಸ್ತ ಚೆನ್ನವೀರಯ್ಯನವರು. ದೇವರು ಅವರಿಗೆ ಒಳ್ಳೆಯದು ಮಾಡಲಿ.

ಹುಣಸೆಮರಗಳ ಒಂದು ಕಾಡಿನಲ್ಲಿ ಅಳಿಲೊಂದು ಸಣ್ಣ ಕಣಜ ನಡೆಸುತ್ತಿತ್ತು. ಮೊಲ, ಇಲಿ, ಗೌಜಲಹಕ್ಕಿಗಳು ಸುಗ್ಗಿಯ ಕಾಳನ್ನು ಅಲ್ಲಿಟ್ಟು ಮಳೆಗಾಲದಲ್ಲಿ ಒಯ್ಯುತ್ತಿದ್ದವು. ಒಂದು ವರ್ಷ ನೀರು ನುಗ್ಗಿ ಸ್ವಲ್ಪ ಕಾಳು ಕೊಳೆಯಿತು. ಅಳಿಲು ತನ್ನ ಸ್ವಂತ ಕಾಳು ಕೊಟ್ಟು ಎಲ್ಲರ ಪಾಲು ಸರಿಮಾಡಿತು.

ನರಿಗೆ ಇದು ಕಣ್ಣುಕುಕ್ಕಿತು. ಎಲ್ಲರ ಕಾಳೂ ತನ್ನ ಗುಂಡಿಗೆ ಬಂದರೆ ಆಚೆ ಕಾಡಿಗೆ ಮಾರಬಹುದಲ್ಲ! ಅದು ಸಿಂಹರಾಜನ ಬಳಿಗೆ ಹೋಯಿತು.

"ಮಹಾಪ್ರಭು, ಅಳಿಲಿನ ಹತ್ತಿರ ಸ್ವಂತದ್ದು ಹತ್ತೇ ಕೊಳಗ. ನಾಳೆ ಕಣಜವೆಲ್ಲ ಕೊಳೆತರೆ ಬಡವರ ಗತಿ ಏನು? ಸ್ವಂತದ್ದು ನೂರು ಕೊಳಗ ಇಟ್ಟವರೇ ಕಣಜ ನಡೆಸಲಿ ಅಂತ ಅಪ್ಪಣೆಯಾಗಲಿ."

ಮಾತು ನ್ಯಾಯವಾಗಿಯೇ ಕಂಡಿತು. ಸಿಂಹ ಎಂಟು ದಿನದ ಗಡುವು ಕೊಟ್ಟಿತು.

ಅಳಿಲು ಕಂಗಾಲಾಯಿತು.

"ಅಳಬೇಡ ಕಣೇ ತಂಗಿ," ಎಂದಿತು ಮೊಲ. "ನಿನ್ನ ಕಣಜ ಮುಚ್ಚಿದರೆ ಮಳೆಗಾಲದಲ್ಲಿ ನನ್ನ ಮರಿಗಳು ಏನು ತಿಂದಾವು? ನಾವೂ ಪಾಲು ಹಾಕ್ತೀವಿ."

ಇಲಿಗಳು ಬುಟ್ಟಿ ಹೊತ್ತವು. ಗೌಜಲಹಕ್ಕಿಗಳು ಕೊಕ್ಕಿನಲ್ಲಿ ಒಂದೊಂದೇ ಕಾಳು ತಂದವು. ಎಂಟನೆಯ ದಿನ ರಾಶಿ ನೂರು ಕೊಳಗವಾಯಿತು.

"ಭಿಕ್ಷೆ ಎತ್ತಿದ ರಾಶಿ!" ಎಂದು ನರಿ ನಕ್ಕಿತು. ಅದರ ಗುಂಡಿಯೋ, ಬಾಯಿತನಕ ತುಂಬಿತ್ತು.

ಸಿಂಹರಾಜನ ಜೊತೆ ಅಳೆಯಲು ಆನೆ ಬಂದಿತು. "ತೂರದೆ ಅಳೆಯೋದು ಪದ್ಧತಿಯಲ್ಲ" ಎಂದು ಅಳಿಲಿನ ರಾಶಿಗೆ ಸೊಂಡಿಲಿನಿಂದ ಊದಿತು. ಸ್ವಲ್ಪ ಹೊಟ್ಟು ಹಾರಿತು. ಅಳೆದರೆ ತೊಂಬತ್ತೊಂಬತ್ತು!

"ಸಾಲದು, ಸಾಲದು! ಮುಚ್ಚಿಸಿ!" ನರಿ ಕುಣಿಯಿತು.

"ತಡಿ ಮಾರಾಯ, ನಿನ್ನದನ್ನೂ ತೂರೋಣ," ಎಂದಿತು ಆನೆ.

"ಅಯ್ಯೋ ಆನೆಮಾವ, ನನ್ನದು ಕಣ್ಣಿಗೇ ಕಾಣುತ್ತಲ್ಲ!"

ಆನೆ ಗುಂಡಿಗೆ ಸೊಂಡಿಲು ಇಳಿಸಿ ಜೋರಾಗಿ ಊದಿತು. ಮೇಲೆ ನಾಲ್ಕು ಬೆರಳು ಕಾಳು, ಕೆಳಗೆಲ್ಲ ಹೊಟ್ಟು! ಹೊಟ್ಟು ಹಾರಿ ನರಿಯ ಮೈಗೆಲ್ಲ ಮೆತ್ತಿಕೊಂಡಿತು. ಉಳಿದದ್ದು ಮೂರೇ ಕೊಳಗ. ನರಿ ಸೀನುತ್ತ, ಮೈ ಕೆರೆಯುತ್ತ ಕಾಡು ಬಿಟ್ಟು ಓಡಿತು.

"ನರಿಯಣ್ಣ, ಬಂಡವಾಳವೆಲ್ಲ ಮೈಮೇಲೇ ಇದೆ, ಜೋಪಾನ!" ಎಂದು ಇಲಿ ಕೂಗಿತು.

ಸಿಂಹ ಹೇಳಿತು: "ಸ್ವಂತ ಕಾಳು ಇರಲೇಬೇಕು, ಅದು ಸರಿ. ಆದರೆ ದೊಡ್ಡ ಕಣಜಕ್ಕೂ ಸಣ್ಣ ಕಣಜಕ್ಕೂ ಒಂದೇ ಅಳತೆ ಇಟ್ಟದ್ದು ನನ್ನ ತಪ್ಪು. ಪರರ ಕಾಳು ಎಷ್ಟು ಕಾಯುತ್ತೀಯೋ ಅದಕ್ಕೆ ತಕ್ಕಷ್ಟು ನಿನ್ನದಿರಲಿ. ಅಳಿಲಮ್ಮ, ಬಾಗಿಲು ತೆಗೆ."

ಬಾಗಿಲು ತೆರೆಯುವ ಮೊದಲೇ ಮೊಲ ಬುಟ್ಟಿ ಹೊತ್ತು ಮುಂದೆ ನಿಂತಿತ್ತು.

ನೀತಿ: ಪರರ ಕಾಳು ಕಾಯುವವರಿಗೆ ಸ್ವಂತದ ಗಟ್ಟಿ ತಳ ಬೇಕು, ಆದರೆ ಆ ಅಳತೆ ಸಣ್ಣವರ ಬಾಗಿಲಿಗೆ ಬೀಗವಾಗಬಾರದು.

ಓದಿದವರು ಇದನ್ನು ಮನೆಯ ಮಕ್ಕಳಿಗೆ ಹೇಳಿ. ಅವರೂ ಇನ್ನೊಬ್ಬರಿಗೆ ಹೇಳಲಿ.