ಬೆಲ್ಲದ ಸೌಟು, ಹಾಲಿನ ಸೌಟು

“ಗುರುಗಳೇ, ಧ್ಯಾನಕ್ಕೆ ಕುಳಿತರೆ ಅವ್ವನ ನೆನಪೇ ಬರುತ್ತದೆ. ಅವಳು ಹೊಲಿದುಕೊಟ್ಟ ಕೌದಿಯನ್ನು ಹೊಳೆಗೆ ಬಿಟ್ಟುಬಿಡಲೇ?” ಎಂದು ಶಿಷ್ಯ ಶಂಭುಲಿಂಗ ಕೇಳಿದ. ಕೌದಿ ಅವನ ತೊಡೆಯ ಮೇಲೆಯೇ ಇತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಊರೆಲ್ಲ ಅವನ ಕೈರುಚಿಯನ್ನು ಹೊಗಳುತ್ತಿತ್ತು. ಮನೆಯಲ್ಲಿ ಮಾತ್ರ ಅವನ ಆಟ ನಡೆಯುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ತಂದೆ ಒಂದೊಂದಾಗಿ ಎಲ್ಲವನ್ನೂ ಒಲ್ಲೆ ಎನ್ನತೊಡಗಿದ್ದ. ಅವಳು ಕಾಸುತ್ತಿದ್ದ ಕಷಾಯ ಬೇಕು, ಅಷ್ಟೇ. ಮಗ ಎಷ್ಟು ಬಗೆಯಾಗಿ ಮಾಡಿಕೊಟ್ಟರೂ ಒಂದು ಗುಟುಕು ಕುಡಿದು, “ಇದು ಅವಳದಲ್ಲಪ್ಪ” ಎಂದು ಲೋಟ ಕೆಳಗಿಡುತ್ತಿದ್ದ.

ತಾಯಿಗೆ ಎರಡು ಸೌಟುಗಳಿದ್ದವು. ಬೆಲ್ಲದ ನೀರಿಗೆ ಒಂದು, ಹಾಲಿಗೆ ಒಂದು. ಹಳೆಯವಾದವೆಂದು ಅವನ್ನು ಪಾತ್ರೆಯಂಗಡಿಗೆ ಹಾಕಿ ಹೊಸವನ್ನು ತಂದವನು ಅವನೇ. ಯಾವುದು ಎಷ್ಟು ಹಿಡಿಯುತ್ತಿತ್ತೆಂದು ಅಳೆದಿಟ್ಟಿರಲಿಲ್ಲ; ನೆನೆದಾಗಲೆಲ್ಲ ಕೈ ಕೈ ಹಿಸುಕಿಕೊಳ್ಳುತ್ತಿದ್ದ. ಈಗ ಉಳಿದದ್ದು ಅವಳು ಒಳಗೆ ಗೆರೆ ಗೀರಿದ್ದ ಎರಡು ಪಾತ್ರೆಗಳು, ಮತ್ತು ಅವಳು ಎಣಿಸುತ್ತಿದ್ದ ದನಿ. ಚಿಕ್ಕ ಪಾತ್ರೆಯ ಗೆರೆ ಮುಟ್ಟಲು ಬೆಲ್ಲದ್ದು ಎರಡು ಸೌಟು, ಹಾಲಿನದು ಒಂದು. ನೆಂಟರು ಬಂದಾಗಿನ ದೊಡ್ಡ ಪಾತ್ರೆಗೆ ಬೆಲ್ಲದ್ದು ಮೂರು, ಹಾಲಿನದು ಎರಡು. ಚಿಕ್ಕಂದಿನಲ್ಲಿ ಒಲೆಯ ಮುಂದೆ ಕುಳಿತು ಆ ಎಣಿಕೆಯನ್ನು ಎಷ್ಟು ಸಲ ಕೇಳಿದ್ದನೋ.

ಗೆರೆಯವರೆಗೆ ನೀರು ತುಂಬಿ ಪುಟ್ಟ ಬಟ್ಟಲಿನಿಂದ ಅಳೆದ. ಚಿಕ್ಕದಕ್ಕೆ ಏಳು ಬಟ್ಟಲು, ದೊಡ್ಡದಕ್ಕೆ ಹನ್ನೆರಡು. ಅದರಲ್ಲಿ ಬೆಲ್ಲದ ಪಾಲೆಷ್ಟು, ಹಾಲಿನದೆಷ್ಟು? ಮೂರು ದಿನ ತಲೆ ಕೆಡಿಸಿಕೊಂಡ.

ಕೊನೆಗೆ ಹೆಂಡತಿ ಹೇಳಿದಳು: “ಚಿಕ್ಕದನ್ನು ಎರಡು ಸಲ ತುಂಬಿದಿರಿ ಅಂತಿಟ್ಟುಕೊಳ್ಳಿ. ಆಗ ಹಾಲು ಎರಡೂ ಕಡೆ ಸಮ ಆಗುತ್ತಲ್ಲ.”

ಎರಡು ಸಲಕ್ಕೆ ಹದಿನಾಲ್ಕು ಬಟ್ಟಲು. ಬೆಲ್ಲದ್ದು ನಾಲ್ಕು ಸೌಟು, ಹಾಲಿನದು ಎರಡು. ಅದರಿಂದ ದೊಡ್ಡ ಪಾತ್ರೆಯದನ್ನು ಕಳೆದ. ಹಾಲಿಗೆ ಹಾಲು ಸರಿಹೋಯಿತು. ಮಿಕ್ಕದ್ದು ಬೆಲ್ಲದ ಒಂದೇ ಸೌಟು, ಎರಡು ಬಟ್ಟಲು. ಅದನ್ನು ಹಿಡಿದು ಚಿಕ್ಕ ಪಾತ್ರೆಗೆ ಮರಳಿದ. ಏಳರಲ್ಲಿ ಬೆಲ್ಲದ ನಾಲ್ಕು ಬಟ್ಟಲು ಹೋದರೆ, ಹಾಲಿನ ಸೌಟು ಮೂರು ಬಟ್ಟಲು.

ಮರುದಿನ ಬೆಳಿಗ್ಗೆ ಆ ಅಳತೆಯಲ್ಲಿ ಕಾಸಿಕೊಟ್ಟಾಗ ತಂದೆ ಲೋಟ ಕೆಳಗಿಡಲಿಲ್ಲ. ಕುಡಿದು ಮುಗಿಸಿ, “ಇನ್ನೊಂಚೂರು ಇದೆಯೇನೋ?” ಎಂದ. ಮಗನ ಕಣ್ಣು ತುಂಬಿ ಬಂತು.

“ಅಂದರೆ ಒಂದನ್ನು ಕಳೆದರೇ ಇನ್ನೊಂದು ತಿಳಿಯುವುದು” ಎಂದು ಶಂಭುಲಿಂಗ ಕೌದಿ ಹಿಡಿದು ಹೊಳೆಯತ್ತ ಹೊರಡಲು ಎದ್ದ.

ಗುರುಗಳು ಕೇಳಿದರು: “ಲೆಕ್ಕದಲ್ಲಿ ಕಳೆದ ಹಾಲನ್ನು ಅವನು ಕಷಾಯಕ್ಕೂ ಹಾಕದೆ ಬಿಟ್ಟಿದ್ದರೆ, ಆ ತಂದೆ ಕುಡಿಯುತ್ತಿದ್ದನೇ?”

ಶಂಭುಲಿಂಗ ಕೌದಿಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಕುಳಿತುಕೊಂಡ.