ಗೆರೆಯ ಮೇಲಿಂದ ಚೆಂಡು ತಳ್ಳಿದವನು

“ಮಾಸ್ತರ್ರ, ಇಪ್ಪತ್ತೊಂದು ದಿನ ಎಲ್ಲಾರೂ ಬೆವರು ಸುರಿಸ್ಯಾರ. ನಾ ತಗೊಳ್ಳೋದು ಹದಿನೆಂಟು ಮಂದಿನ್ನ. ಉಳದಾವ್ರ ಬೆವರು ಎಲ್ಲಿಗೆ ಹೋತ್ರಿ?”

ಕೇಳಿದವನು ಸಂಗಯ್ಯ. ಊರಿನ ಹಾಕಿ ತಂಡಕ್ಕೆ ಆ ವರ್ಷವಷ್ಟೇ ತರಬೇತುದಾರನಾಗಿದ್ದ. ಪಂದ್ಯಗಳು ಶುರುವಾಗುವ ಮುಂಚಿನ ಶಿಬಿರ ಅಂದಿಗೆ ಮುಗಿದಿತ್ತು. ಬಂದವರು ಮೂವತ್ತೊಂದು ಮಂದಿ. ಆರಿಸಿದ ಹದಿನೆಂಟು ಹೆಸರುಗಳ ಚೀಟಿ ಅವನ ಅಂಗಿಯ ಜೇಬಿನಲ್ಲಿತ್ತು. ಮರುದಿನ ಬೆಳಿಗ್ಗೆ ಅದನ್ನು ಸಾಮಾನು ಕೋಣೆಯ ಬಾಗಿಲಿಗೆ ಅಂಟಿಸಬೇಕು. ಅಂಟಿಸುವ ಮುನ್ನ ಗುರುವಿನ ಹತ್ತಿರ ಒಂದು ಗಳಿಗೆ ಕುಳಿತು ಹೋಗೋಣವೆಂದು ಬಂದಿದ್ದ.

ಗುರು ಎಂದರೆ ಫಕ್ಕೀರಪ್ಪ ಮಾಸ್ತರರು. ಎರಡು ತಲೆಮಾರಿಗೆ ಹಾಕಿ ಕಲಿಸಿದವರು. ಈಗ ಮನೆಯ ಕಟ್ಟೆಯ ಮೇಲೆ ಕುಳಿತು ಆಟಗಾರರ ಸ್ಟಿಕ್ಕು ರಿಪೇರಿ ಮಾಡುತ್ತಿದ್ದರು. ಸುಳ್ಳು ಹೇಳಲು ಅವರಿಗೆ ನಾಚಿಕೆ ಇರಲಿಲ್ಲ. ಕತೆ ಚೆನ್ನಾಗಿ ಬರಬೇಕು, ಅಷ್ಟೆ. ಆಗಲೂ ತೊಡೆಯ ಮೇಲೆ ಒಂದು ಸ್ಟಿಕ್ಕು ಇಟ್ಟುಕೊಂಡು ಅದರ ಹಿಡಿಕೆಗೆ ಪಟ್ಟಿ ಸುತ್ತುತ್ತಿದ್ದರು.

“ಹೊಡಿಯಾವ್ರನ್ನ ಹೆಂಗ ಆರಿಸಿದಿ?” ಎಂದು ಕೇಳಿದರು.

“ಎಣಿಸಿ ಆರಿಸೇನ್ರಿ. ಪೆನಾಲ್ಟಿ ಕಾರ್ನರ್ ಹೊಡಿಯಾಕ ಐದು ಮಂದಿ ಇದ್ರು. ಒಬ್ಬೊಬ್ಬಗ ಇಪ್ಪತ್ತಿಪ್ಪತ್ತು ಚೆಂಡು. ಯಾರು ಎಷ್ಟು ಗೋಲು ಹಾಕಿದ್ರು ಅಂತ ಬರದಿಟ್ಟೇನಿ. ಯಾರೂ ಬೊಟ್ಟು ಮಾಡಂಗಿಲ್ಲ.”

“ಎಣಸೋದು ಚಲೋದು,” ಎಂದರು ಮಾಸ್ತರರು. “ಹಂಗಾರ ಒಂದು ಕತಿ ಕೇಳು. ಇದು ನಿನ್ನ ಕತಿ ಅಲ್ಲ. ನನ್ನ ಕತಿನೂ ಅಲ್ಲ.”

ಎರಡನೆಯ ಮಾತು ಯಾಕೆ ಬಂತೆಂದು ಸಂಗಯ್ಯನಿಗೆ ತಿಳಿಯಲಿಲ್ಲ.

ಒಂದು ಊರಿನಲ್ಲಿ ಒಂದು ತಂಡವಿತ್ತು. ತಂಡಕ್ಕೆ ಒಬ್ಬ ತರಬೇತುದಾರನಿದ್ದ. ವರ್ಷಕ್ಕೊಮ್ಮೆ ಅವನು ಶಿಬಿರ ನಡೆಸುತ್ತಿದ್ದ. ಒಂದು ವರ್ಷ ಆ ಶಿಬಿರಕ್ಕೆ ಒಬ್ಬ ಆಟಗಾರ ಬಂದ. ಛಾಪಖಾನೆಯಲ್ಲಿ ಅಚ್ಚಿನ ಕೆಲಸ ಮಾಡುವವನು. ಅವನು ಬಂದದ್ದು ಅದು ಮೂರನೆಯ ಸಲ. ಹಿಂದಿನ ಎರಡು ಸಲವೂ ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಮೇಲಿಂದ ಕೆಳಕ್ಕೆ ಓದಿ, ಮತ್ತೆ ಕೆಳಗಿಂದ ಮೇಲಕ್ಕೆ ಓದಿ, ಮನೆಗೆ ಹೋಗಿದ್ದ. ಈಗ ಅವನಿಗೆ ಇಪ್ಪತ್ತೇಳು ವರ್ಷ. ಇಪ್ಪತ್ತೇಳು ದಾಟಿದ ಹೊಸಬರನ್ನು ಆ ತಂಡ ತೆಗೆದುಕೊಳ್ಳುತ್ತಿರಲಿಲ್ಲ.

ರಜೆ ಕೊಡುವಾಗ ಛಾಪಖಾನೆಯ ಮಾಲೀಕ ಹೇಳಿದ್ದ: “ಇದ ಕಡೀ ಸಲ ನೋಡಪಾ. ಈ ಸಲನೂ ಆಗಲಿಲ್ಲಂದ್ರ ಆ ಕೋಲು ತಂದು ನನಗ ಕೊಡು. ಹಿತ್ತಲ ಬಾಗಲಕ್ಕ ಅಗಳಿ ಮಾಡತೀನಿ.”

“ಅವನ ಹೆಸರೇನ್ರಿ?” ಎಂದ ಸಂಗಯ್ಯ.

“ಆಮ್ಯಾಲೆ ಹೇಳತೀನಿ. ನೆನಪು ಮಾಡು.”

ಅವನಿಗೆ ಇದ್ದದ್ದು ಒಂದೇ ಹುಚ್ಚು, ಪೆನಾಲ್ಟಿ ಕಾರ್ನರ್ ಹೊಡೆಯುವುದು. ಪೆನಾಲ್ಟಿ ಕಾರ್ನರ್ ಎಂದರೆ ಏನೆಂದು ಸಂಗಯ್ಯನಿಗೆ ಗೊತ್ತಿತ್ತು. ಗೊತ್ತಿದೆ ಎಂದು ಮಾಸ್ತರರಿಗೂ ಗೊತ್ತಿತ್ತು. ಆದರೂ ಬಿಡಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದರು. ಗೋಲಿನ ಪಕ್ಕದ ಗೆರೆಯ ಮೇಲಿಂದ ಒಬ್ಬ ಚೆಂಡು ತಳ್ಳುತ್ತಾನೆ. ಚೆಂಡು ಪುಟಿಯಬಾರದು, ನೆಲ ಕಚ್ಚಿ ಹರಿಯಬೇಕು. ದೂರದಲ್ಲಿ ಒಬ್ಬ ಅದನ್ನು ನಿಲ್ಲಿಸುತ್ತಾನೆ. ಮೂರನೆಯವನು ಹೊಡೆಯುತ್ತಾನೆ. ಗೋಲಾದರೆ ಜನ ಮೂರನೆಯವನನ್ನು ಎತ್ತಿ ಕುಣಿಯುತ್ತಾರೆ.

ಮೊದಲ ದಿನ ತರಬೇತುದಾರ ಹೊಡೆಯುವವರನ್ನು ಕರೆದ. ಆರು ಮಂದಿ ಬಂದು ನಿಂತರು. “ಯಾರು ತಳ್ಳತೀರಿ?” ಎಂದು ಕೇಳಿದ. ಐವರು ತಮ್ಮ ತಮ್ಮ ಬೂಟು ನೋಡಿಕೊಂಡರು. ಆರನೆಯವನು ಛಾಪಖಾನೆಯವನು. ಯಾರಾದರೂ ತಳ್ಳಲೇಬೇಕಲ್ಲ ಎಂದುಕೊಂಡ. ಒಂದಿಷ್ಟು ತಳ್ಳಿಕೊಟ್ಟರೆ ಆಮೇಲೆ ತನ್ನ ಸರದಿ ಬರುತ್ತದೆ ಎಂದುಕೊಂಡ. ಹೋಗಿ ಗೆರೆಯ ಮೇಲೆ ಬಗ್ಗಿದ. ತಳ್ಳಿದ.

ಚೆಂಡು ಗೆರೆ ಎಳೆದ ಹಾಗೆ ಹೋಯಿತು. ನಿಲ್ಲಿಸುವವನು ಕಣ್ಣು ಮುಚ್ಚಿ ನಿಲ್ಲಿಸಬಹುದಿತ್ತು. ಹೊಡೆಯುವವನು ಹೊಡೆದ. ಗೋಲಿನ ಹಲಗೆ ಢಬ್ ಎಂದಿತು.

“ಹಾಂ! ಹಿಂಗ ಇರಬೇಕು,” ಎಂದ ತರಬೇತುದಾರ. ಹೊಡೆದವನ ಬೆನ್ನು ತಟ್ಟಿದ.

ಎರಡನೆಯ ದಿನ ಯಾರು ತಳ್ಳುತ್ತೀರಿ ಎಂದು ತರಬೇತುದಾರ ಕೇಳಲಿಲ್ಲ. ಗೆರೆಯ ಕಡೆಗೆ ನೋಡಿದ. ಅವನು ಅಲ್ಲಿ ನಿಂತಿದ್ದ. ಮೂರನೆಯ ದಿನ ಆ ಕಡೆಗೆ ನೋಡಲೂ ಇಲ್ಲ.

ದಿನಕ್ಕೆ ಇನ್ನೂರು ಚೆಂಡು ತಳ್ಳಿದ. ಈ ಕತೆಯನ್ನು ಬೇರೆಯವರಿಗೆ ಹೇಳುವಾಗ ಮಾಸ್ತರರು ನೂರೈವತ್ತು ಎಂದದ್ದೂ ಉಂಟು. ಎದುರಿಗೆ ಕುಳಿತವನ ಮುಖ ನೋಡಿ ಲೆಕ್ಕ ಏರುತ್ತಿತ್ತು. ಅದೇನೇ ಇರಲಿ, ಗರಸಿನ ಮೈದಾನ ಅದು, ಒರಟು ಜಲ್ಲಿಮಣ್ಣು. ತಳ್ಳಿ ತಳ್ಳಿ ಅವನ ಎಡಗೈಯ ಗಿಣ್ಣುಗಳು ನೆಲಕ್ಕೆ ತರಚಿ ಹೋದವು. ಸ್ಟಿಕ್ಕಿನ ಕೊಕ್ಕೆಯ ಕೆಳ ಅಂಚು ಉಜ್ಜಿ ಉಜ್ಜಿ ಸವೆಯಿತು. ಗಿಣ್ಣುಗಳಿಗೆ ಬಟ್ಟೆ ಕಟ್ಟಿಕೊಂಡ. ಸ್ಟಿಕ್ಕಿಗೆ ಏನು ಕಟ್ಟಲು ಬರುತ್ತದೆ?

ಹೊಡೆಯುವವರಿಗೆ ಅವನೆಂದರೆ ಪ್ರೀತಿಯೇ. “ಏ ಅಣ್ಣಾ, ನಿನ್ನ ಚೆಂಡು ಬಂತಂದ್ರ ನಮ್ಮ ಅಜ್ಜಿನೂ ಗೋಲು ಹೊಡಿತಾಳ ನೋಡು,” ಎಂದ ಒಬ್ಬ.

“ಹಂಗಾರ ನಾಳಿಗೆ ಆಕಿನ್ನ ಕಳಸು. ನೀ ಮನ್ಯಾಗ ಕುಂತು ರೊಟ್ಟಿ ಬಡಿ,” ಎಂದ ಇವನು.

ಎಲ್ಲರೂ ನಕ್ಕರು. ತರಬೇತುದಾರನೂ ನಕ್ಕ.

ಸಂಜೆ ಎಲ್ಲರೂ ಚಹಾ ಕುಡಿಯಲು ಹೋದ ಮೇಲೆ ಅವನೊಬ್ಬನೇ ಮೈದಾನದಲ್ಲಿ ಉಳಿಯುತ್ತಿದ್ದ. ಚೆಂಡು ನೆಲದ ಮೇಲಿಟ್ಟು ಹೊಡೆಯುತ್ತಿದ್ದ. ತಳ್ಳಲು ಯಾರೂ ಇರಲಿಲ್ಲ. ಇಟ್ಟ ಚೆಂಡನ್ನು ಚೆನ್ನಾಗಿಯೇ ಹೊಡೆಯುತ್ತಿದ್ದ. ಆದರೆ ಇಟ್ಟ ಚೆಂಡೇ ಬೇರೆ, ಹರಿದು ಬಂದ ಚೆಂಡೇ ಬೇರೆ. ಅದು ಅವನಿಗೂ ಗೊತ್ತಿತ್ತು. ಸರದಿ ಬರುತ್ತದೆ ಎಂದು ಕಾಯುತ್ತಿದ್ದ.

ಕಡೆಯ ದಿನ ಪರೀಕ್ಷೆ. ಒಬ್ಬೊಬ್ಬರಿಗೂ ಹತ್ತು ಚೆಂಡು. ಐವರು ಹೊಡೆದರು. ಐವತ್ತು ಚೆಂಡನ್ನೂ ಅವನೇ ತಳ್ಳಿದ. ಒಬ್ಬ ಹತ್ತಕ್ಕೆ ಏಳು ಹಾಕಿದ, ಇನ್ನೊಬ್ಬ ಎಂಟು. ತರಬೇತುದಾರ ಬರೆದುಕೊಂಡ. ಆಮೇಲೆ ತಳ್ಳಿದವನ ಸರದಿ ಬಂತು.

“ಇವಗ ಯಾರು ತಳ್ಳತೀರಿ?”

ಎಂಟು ಹಾಕಿದವನೇ ಹೋಗಿ ಗೆರೆಯ ಮೇಲೆ ಬಗ್ಗಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಪ್ಪತ್ತೊಂದು ದಿನದಲ್ಲಿ ಅವನು ಒಂದು ಚೆಂಡನ್ನೂ ತಳ್ಳಿರಲಿಲ್ಲ, ಅಷ್ಟೆ. ಮೊದಲನೆಯದು ಪುಟಿದು ನಿಲ್ಲಿಸುವವನ ಸ್ಟಿಕ್ಕಿನ ಮೇಲಿಂದ ಹಾರಿತು. ಎರಡನೆಯದು ಬೇಲಿಗೆ ಹೋಯಿತು. ಮೂರನೆಯದು ನೆಟ್ಟಗೆ ಬಂತು. ಛಾಪಖಾನೆಯವನು ಹೊಡೆದ, ಗೋಲಾಯಿತು. ನಾಲ್ಕನೆಯದು ಅರ್ಧ ದಾರಿಯಲ್ಲಿ ಸುಸ್ತಾಯಿತು. ಹೀಗೆ ಹತ್ತರಲ್ಲಿ ನೆಟ್ಟಗೆ ಬಂದದ್ದು ಮೂರು. ಮೂರರಲ್ಲಿ ಅವನು ಎರಡು ಹಾಕಿದ.

ತರಬೇತುದಾರ ಬರೆದುಕೊಂಡ: ಹತ್ತಕ್ಕೆ ಎರಡು.

ಅವನು ಏನೋ ಹೇಳಲು ಹತ್ತಿರ ಹೋದ. ತರಬೇತುದಾರ ಹಾಳೆಯ ಕೆಳಗೆ ಅಡ್ಡಗೆರೆ ಎಳೆಯುತ್ತಿದ್ದ. ಅವನು ಹಿಂದಕ್ಕೆ ಬಂದ.

ಮರುದಿನ ಬಾಗಿಲಿಗೆ ಚೀಟಿ ಬಿತ್ತು. ಅವನು ಈ ಸಲ ಮೇಲಿಂದ ಕೆಳಕ್ಕೆ ಮಾತ್ರ ಓದಿದ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. ಅವನ ಊರಿನ ಬಸ್ಸು ಸಂಜೆ ಐದೂವರೆಗೆ. ಅಲ್ಲಿಯವರೆಗೆ ಮೈದಾನದಲ್ಲಿ ಕುಳಿತು ಆಟ ನೋಡಬಹುದಿತ್ತು. ನೋಡಲು ಮನಸ್ಸಾಗಲಿಲ್ಲ.

ಅಂದೇ ಮಧ್ಯಾಹ್ನ ಪಕ್ಕದ ಊರಿನ ತಂಡದ ಜೊತೆ ಅಭ್ಯಾಸದ ಪಂದ್ಯವಿತ್ತು. ತಂಡಕ್ಕೆ ಹನ್ನೊಂದು ಪೆನಾಲ್ಟಿ ಕಾರ್ನರ್ ಸಿಕ್ಕವು. ಒಂದೂ ಗೋಲಾಗಲಿಲ್ಲ. ತರಬೇತುದಾರ ಹೊಡೆಯುವವನನ್ನು ಬದಲಿಸಿದ. ನಿಲ್ಲಿಸುವವನನ್ನು ಬದಲಿಸಿದ. ಅರ್ಧ ಆಟವಾದಾಗ ಮೈದಾನಕ್ಕೆ ನೀರು ಹೊಡೆಸಿದ. ಚೆಂಡು ಒಮ್ಮೆ ಪುಟಿಯಿತು, ಒಮ್ಮೆ ಬೇಲಿಗೆ ಹೋಯಿತು, ಒಮ್ಮೆ ಅರ್ಧ ದಾರಿಯಲ್ಲಿ ಸುಸ್ತಾಯಿತು.

ತರಬೇತುದಾರ ಟೊಪ್ಪಿಗೆ ನೆಲಕ್ಕೆ ಬಡಿದು ಕೂಗಿದ: “ಇಪ್ಪತ್ತೊಂದು ದಿನ ಹಾಕಿದ ಗೋಲು ಎಲ್ಲಿಗೆ ಹೋದ್ವೋ?”

ನೀರಿನ ಪೈಪು ಸುತ್ತುತ್ತಿದ್ದ ಮೈದಾನದ ಆಳು ತಲೆ ಎತ್ತದೆ ಹೇಳಿದ: “ಬಸ್ ಸ್ಟ್ಯಾಂಡಿನ್ಯಾಗ ಕುಂತಾವ್ರಿ ಸಾಹೇಬ್ರ. ಐದೂವರಿ ಬಸ್ಸಿಗೆ ಹೊಂಟಾವ.”

ಇಲ್ಲಿ ಮಾಸ್ತರರು ಪಟ್ಟಿ ಸುತ್ತುವುದನ್ನು ನಿಲ್ಲಿಸಿದರು. “ಆ ತರಬೇತುದಾರ ನಾನಲ್ಲ,” ಎಂದರು. “ನಾನಾಗಿದ್ರ ನನ್ನ ಕತಿಯಾಗ ನಾನ ಇಷ್ಟು ದಡ್ಡ ಆಗಿರತಿದ್ನೇನು?”

ಸಂಗಯ್ಯ ನಗಲಿಲ್ಲ. “ಮುಂದ ಹೇಳ್ರಿ,” ಎಂದ.

ತರಬೇತುದಾರ ಕೈಗೆ ಸಿಕ್ಕ ಸೈಕಲ್ಲು ಹತ್ತಿ ಓಡಿಸಿದ. ಸೈಕಲ್ಲು ಯಾರದೆಂದು ನೋಡಲಿಲ್ಲ. ಆಮೇಲೆ ಅದನ್ನು ವಾಪಸು ಕೊಟ್ಟನೋ ಇಲ್ಲವೋ ಕತೆಯಲ್ಲಿ ಇಲ್ಲ. ಮಾಸ್ತರರ ಹಿತ್ತಲಲ್ಲಿ ಮಾತ್ರ ಅಂಥದೊಂದು ಹಳೆಯ ಸೈಕಲ್ಲಿದೆ.

ಬಸ್ಸು ಹೊರಡಲು ಗುರುಗುಟ್ಟುತ್ತಿತ್ತು. ಅವನು ಕಿಟಕಿಯ ಪಕ್ಕ ಕುಳಿತಿದ್ದ. ಸ್ಟಿಕ್ಕು ಮೊಣಕಾಲುಗಳ ನಡುವೆ ಇತ್ತು. ತರಬೇತುದಾರ ಕಿಟಕಿಯ ಸರಳು ಹಿಡಿದು ನಿಂತ. ಏದುಸಿರು ಬಿಡುತ್ತಿದ್ದ.

“ನಿನಗ ಬಂದಿದ್ದು ಮೂರ ಚೆಂಡಲ್ಲೋ. ಮೂರಕ್ಕ ಎರಡು ಹಾಕಿದಿ. ನಿನ್ನಿ ಯಾಕ ಹೇಳಲಿಲ್ಲ?”

“ನೀವು ಎಣಸಾಕತ್ತಿದ್ರಿ ಸರ್. ಎಣಸಾವ್ರನ್ನ ನಡುವ ಮಾತಾಡಸಬಾರದು ಅಂತ ಸುಮ್ಮನಾದೆ.”

ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ತರಬೇತುದಾರನಿಗೆ ಸುಲಭವಾಗುತ್ತಿತ್ತು.

“ಇಳಿ,” ಎಂದ ತರಬೇತುದಾರ. “ತಂಡದಾಗ ನಿನಗ ಜಾಗಾ ಐತಿ. ಚೆಂಡು ತಳ್ಳಾಕ ನೀ ಬೇಕು.”

“ತಳ್ಳತೀನ್ರಿ. ಆದ್ರ ನನಗೂ ಯಾರರ ಹತ್ತು ಚೆಂಡು ತಳ್ಳಬೇಕು. ಹತ್ತೂ ನೆಟ್ಟಗ.”

“ನಿನ್ನಂಗ ತಳ್ಳಾವ್ರು ಯಾರದಾರೋ?”

“ಬಂದ್ರ ನಾ ಕಲಸತೀನ್ರಿ.”

ಕಂಡಕ್ಟರು ಸೀಟಿ ಊದಿದ. ಅವನು ಚೀಲ ಕಿಟಕಿಯಿಂದ ಹೊರಗೆ ಕೊಟ್ಟು, ಸ್ಟಿಕ್ಕು ಹಿಡಿದು ಬಾಗಿಲಿಂದ ಇಳಿದ.

ಚೀಟಿಯನ್ನು ಮತ್ತೆ ಬರೆಯಬೇಕಾಯಿತು. ಹೋದ ಹೆಸರು ಯಾರದೆಂದು ಮಾಸ್ತರರು ಹೇಳಲಿಲ್ಲ. ಅದು ಬೇರೆ ಕತೆ, ಅದರಲ್ಲೂ ಒಬ್ಬ ಬಸ್ ಸ್ಟ್ಯಾಂಡಿಗೆ ಹೋಗುತ್ತಾನೆ ಎಂದರು.

ಮರುದಿನ ಬೆಳಿಗ್ಗೆ ಚೆಂಡು ತಳ್ಳುವುದನ್ನು ಕಲಿಯಲು ಗೆರೆಯ ಮೇಲೆ ಬಗ್ಗಿದವನು ತರಬೇತುದಾರ. ಹೊಡೆಯುವವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೊದಲ ದಿನವೇ ಅವನ ಸೊಂಟ ಹಿಡಿಯಿತು. ಗಿಣ್ಣುಗಳು ತರಚಿ ರಕ್ತ ಬಂತು. “ಇನ್ನೂ ಬಗ್ಗಬೇಕ್ರಿ ಸರ್,” ಎನ್ನುತ್ತಿದ್ದ ಛಾಪಖಾನೆಯವನು. “ಕೈ ನೆಲಕ್ಕ ಹತ್ತಬೇಕು. ಗಿಣ್ಣಿನ ಆಸೆ ಬಿಡ್ರಿ.” ಹತ್ತು ಚೆಂಡು ಒಂದರ ಹಿಂದೆ ಒಂದು ನೆಟ್ಟಗೆ ಹೋಗಲು ಹನ್ನೆರಡು ದಿನ ಬೇಕಾಯಿತು. ಹದಿಮೂರನೆಯ ದಿನ ಅವನು ಮೂರನೆಯವನ ಜಾಗದಲ್ಲಿ ಹೋಗಿ ನಿಂತ. ತರಬೇತುದಾರ ತಳ್ಳಿದ.

ಕತೆ ಅಲ್ಲಿಗೆ ನಿಂತಿತು. ಮಾಸ್ತರರು ಪಟ್ಟಿಯ ತುದಿಯನ್ನು ಹಲ್ಲಿನಿಂದ ಕಡಿದು, ಎಡಗೈಯಿಂದ ಒತ್ತಿ ಅಂಟಿಸಿದರು. ಸಂಗಯ್ಯ ಆ ಕೈಯನ್ನು ವರ್ಷಗಟ್ಟಲೆ ನೋಡಿದ್ದ. ಗಿಣ್ಣುಗಳ ಮೇಲೆ ಸಾಲಾಗಿ ಹಳೆಯ ಕಲೆಗಳಿರುವುದು ಇಂದು ಕಣ್ಣಿಗೆ ಬಿತ್ತು.

“ಹತ್ತರಾಗ ಎಷ್ಟು ಹಾಕಿದನ್ರಿ ಅವ?” ಎಂದು ಮೆಲ್ಲಗೆ ಕೇಳಿದ.

“ಅವತ್ತ ಯಾರೂ ಎಣಸಲಿಲ್ಲ.”

ಸಂಗಯ್ಯ ನೆನಪು ಮಾಡಿದ: “ಅವನ ಹೆಸರು ಆಮ್ಯಾಲೆ ಹೇಳತೀನಿ ಅಂದಿದ್ರಿ.”

ಮಾಸ್ತರರು ತೊಡೆಯ ಮೇಲಿದ್ದ ಸ್ಟಿಕ್ಕನ್ನು ಎತ್ತಿ ಸಂಗಯ್ಯನ ಕೈಗೆ ಕೊಟ್ಟರು. ಹಿಡಿಕೆಗೆ ಹೊಸ ಪಟ್ಟಿ. ಸಂಗಯ್ಯ ತಿರುಗಿಸಿ ನೋಡಿದ. ಕೊಕ್ಕೆಯ ಕೆಳ ಅಂಚು ಅರ ಹಾಕಿ ತಿಕ್ಕಿದ ಹಾಗೆ ಸವೆದಿತ್ತು. ಸವೆದ ಜಾಗದಲ್ಲಿ ಮೈದಾನದ ಕೆಂಪು ಗರಸು ಇನ್ನೂ ಹಸಿಯಾಗಿ ಮೆತ್ತಿಕೊಂಡಿತ್ತು.

ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಚೀಟಿಯಲ್ಲಿದ್ದ ಹದಿನೆಂಟು ಹೆಸರುಗಳೂ ಅವನಿಗೆ ಬಾಯಿಪಾಠವಾಗಿದ್ದವು.

“ನನ್ನ ಕತಿಯಾಗಿನವನ ಹೆಸರು ಇರಲಿ ಬಿಡು,” ಎಂದರು ಮಾಸ್ತರರು. “ಮಧ್ಯಾಹ್ನ ನಿನ್ನ ಶಿಬಿರದಿಂದ ಒಬ್ಬ ಇದನ್ನ ತಂದು ಕೊಟ್ಟು ಹೋದ, ಅವನ ಹೆಸರು ನೀ ಹೇಳು.”

ಸಂಗಯ್ಯ ಬಾಯಿ ತೆರೆದ. ಇಪ್ಪತ್ತೊಂದು ದಿನ ಗೆರೆಯ ಮೇಲೆ ಬಗ್ಗಿ ಚೆಂಡು ತಳ್ಳಿದವನ ಬೆನ್ನು ನೆನಪಾಯಿತು, ಹೆಸರು ಬರಲಿಲ್ಲ.