ಕಿವುಡನೆನಿಸಿಕೊಂಡ ಡಿಕೋಡರ್

ಪದ್ಮನಾಭಯ್ಯನವರು ತಮ್ಮ ಆಟದ ರೈಲಿನ ಇಂಜಿನ್ನಿಗೆ, ರಿಮೋಟಿನ ಆಜ್ಞೆ ಕೇಳುವ ಹೊಸ ಡಿಕೋಡರ್ ಕೂರಿಸಿದರು. ಇಂಜಿನ್ನಿನ ಮೈಮೇಲೆ ಬರೆದಿದ್ದ ಐವತ್ತೆರಡು ಎಂಬ ನಂಬರನ್ನು ರಿಮೋಟಿನಲ್ಲಿ ಒತ್ತಿದರು. ಇಂಜಿನ್ ಅಲುಗಲಿಲ್ಲ. ವೈರು ಬಿಚ್ಚಿ ಮತ್ತೆ ಬೆಸೆದರೂ ಅದೇ ಕಥೆ. ಕೊನೆಗೆ ಡಿಕೋಡರನ್ನು ಕಿತ್ತೆಸೆಯಲು ಸ್ಕ್ರೂಡ್ರೈವರ್ ಎತ್ತಿಕೊಂಡರು.

"ಕಿವುಡಾ, ನಿನ್ನಿಂದ ನನ್ನ ಮಾನ ಹೋಯಿತು!" ಎಂದು ಇಂಜಿನ್ ಗದರಿತು.

"ನನ್ನನ್ನು ಯಾರೂ ಕರೆಯಲೇ ಇಲ್ಲವಲ್ಲ, ಅಣ್ಣ. ಫ್ಯಾಕ್ಟರಿಯಲ್ಲಿ ನನಗಿಟ್ಟ ನಂಬರು ಮೂರು," ಎಂದಿತು ಡಿಕೋಡರ್.

ಅಷ್ಟರಲ್ಲಿ ಪದ್ಮನಾಭಯ್ಯನವರ ಹೆಂಡತಿ ಡಿಕೋಡರ್ ಬಂದಿದ್ದ ಡಬ್ಬಿಯಲ್ಲಿದ್ದ ಚೀಟಿ ಓದಿ, "ರೀ, ಮೊದಲು ಮೂರು ಒತ್ತಬೇಕಂತೆ," ಎಂದರು.

ಒತ್ತಿದರು. ದೀಪ ಹತ್ತಿತು, ಇಂಜಿನ್ ಹೊರಟಿತು. ಪದ್ಮನಾಭಯ್ಯ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಮನೆಗೆ ಬಂದವನ ಹೆಸರೂ ಕೇಳದೆ ಕಿವುಡನೆಂದುಬಿಟ್ಟೆನಲ್ಲ, ತಮ್ಮಾ!" ಎಂದಿತು ಇಂಜಿನ್.

"ಇರಲಿ ಅಣ್ಣ, ಈಗ ಕರೆದರಲ್ಲ, ಸಾಕು."